ಹಸಿದವರ ನಡುವೆ ನ್ಯಾಯಾಧಿಪತಿ

ಓದತಕ್ಕ ವೇದಭಾಗ: ಮತ್ತಾಯ ೨೫:೩೧–೪೬. ಇದರ ಸಂಗಡ ಓದತಕ್ಕವು: ಲೂಕ ೧೩:೧–೫; ಯೋಹಾನ ೯:೧–೩; ಯಾಕೋಬ ೨:೧೩–೧೭.



ನಮ್ಮ ಸೀಮೆಯಲ್ಲಿ ಒಬ್ಬನಿಗೆ ಕಷ್ಟ ಬಂದಾಗ ಜನರ ಬಾಯಿಗೆ ತಟ್ಟನೆ ಬರುವ ಒಂದು ಗಾದೆಯುಂಟು: "ಮಾಡಿದ್ದುಣ್ಣೋ ಮಹಾರಾಯ." ಬೆಳೆ ಹೋದವನಿಗೂ ಇದೇ ಮಾತು, ಬೇನೆ ಬಿದ್ದವನಿಗೂ ಇದೇ ಮಾತು, ಮಗನು ಮನೆ ಬಿಟ್ಟು ಹೋದ ತಾಯಿಗೂ ಇದೇ ಮಾತು. ಸ್ವಲ್ಪ ಮೆತ್ತಗೆ ಹೇಳಬೇಕೆನ್ನುವವರು "ಅವರ ಹಣೆಬರಹ" ಎಂದು ಹೇಳಿ ಮುಂದೆ ಹೋಗುವರು. ಕ್ರಿಸ್ತನ ಹೆಸರನ್ನು ಧರಿಸಿದ ನಾವು ಕರ್ಮವೆಂಬ ಮಾತನ್ನು ಬಿಟ್ಟಿದ್ದೇವೆಂದು ಹೇಳಿಕೊಳ್ಳುತ್ತೇವೆ. ಮಾತನ್ನು ಬಿಟ್ಟದ್ದು ನಿಜ. ಆದರೆ ಆ ಮನಸ್ಸನ್ನು ಬಿಟ್ಟೆವೋ? "ದೇವರು ಅವನಿಗೆ ತಕ್ಕ ಶಿಕ್ಷೆ ಕೊಟ್ಟನು" ಎಂದು ಗುಡಿಯ ಹೊರಗಣ ಕಟ್ಟೆಯ ಮೇಲೆ ಕೂತು ನಾವು ಎಷ್ಟು ಸಾರಿ ಹೇಳಲಿಲ್ಲ! ಹಳೆಯ ಗಾದೆಗೆ ವೇದದ ಮಾತುಗಳ ಅಂಗಿಯನ್ನು ತೊಡಿಸಿದ್ದೇವೆ, ಅಷ್ಟೇ.

ಆದಕಾರಣ ಈ ತಿಂಗಳಿನ ಪಾಠದಲ್ಲಿ ಎರಡು ಸಂಗತಿಗಳನ್ನು ಕೂಡಿಸಿ ವಿಚಾರಿಸೋಣ. ಕಷ್ಟದಲ್ಲಿರುವವರಿಗೆ ನಾವು ತೋರಿಸತಕ್ಕ ಕನಿಕರವು ಒಂದು; ದೇವರ ನ್ಯಾಯತೀರ್ಪು ಇನ್ನೊಂದು. ಅನೇಕರು ಇವೆರಡನ್ನು ಬೇರೆ ಬೇರೆ ಪಾಠಗಳೆಂದು ಎಣಿಸುತ್ತಾರೆ. ಕನಿಕರವು ಕ್ರಿಸ್ತಜಯಂತಿಯ ಪ್ರಸಂಗಕ್ಕೂ ತೀರ್ಪು ಮರಣದ ಮನೆಯ ಪ್ರಸಂಗಕ್ಕೂ ಸೇರಿದ್ದೆಂಬದು ಅವರ ಎಣಿಕೆ. ನಮ್ಮ ಕರ್ತನಾದರೋ ಎರಡನ್ನೂ ಒಂದೇ ಉಸುರಿನಲ್ಲಿ ಹೇಳಿದ್ದಾನೆ.

೧. ಕರ್ತನು ತಿಳಿಸಿದ ತೀರ್ಪು

ಯೇಸುವು ಶಿಲುಬೆಗೆ ಹೋಗುವದಕ್ಕೆ ಕೆಲವೇ ದಿವಸಗಳ ಮುಂಚೆ, ಎಣ್ಣೇಮರಗಳ ಗುಡ್ಡದ ಮೇಲೆ ಶಿಷ್ಯರ ಸಂಗಡ ಕೂತಿದ್ದಾಗ, ಕಡೇ ದಿನದ ಸಂಗತಿಯನ್ನು ಅವರಿಗೆ ತಿಳಿಸಿದನು. ಮನುಷ್ಯಕುಮಾರನು ಮಹಿಮೆಯ ಸಿಂಹಾಸನದ ಮೇಲೆ ಕೂತುಕೊಳ್ಳುವನು. ಸಕಲ ಜನಾಂಗಗಳು ಆತನ ಮುಂದೆ ಕೂಡುವವು. ಕುರುಬನು ಕುರಿಗಳನ್ನೂ ಆಡುಗಳನ್ನೂ ಬೇರೆ ಮಾಡುವ ಪ್ರಕಾರ ಆತನು ಜನರನ್ನು ವಿಂಗಡಿಸುವನು. ಈ ಹೋಲಿಕೆಯನ್ನು ನಮ್ಮ ಸೀಮೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಸುಗ್ಗಿ ತೀರಿದ ಮೇಲೆ ಕುರುಬರು ಗೊಬ್ಬರಕ್ಕಾಗಿ ಹಿಂಡನ್ನು ಹೊಲದಲ್ಲಿ ತಂಗಿಸುವದನ್ನು ನಾವೆಲ್ಲರೂ ಕಂಡಿದ್ದೇವೆ. ಹಗಲೆಲ್ಲಾ ಕುರಿಯೂ ಆಡೂ ಒಂದೇ ಹಿಂಡಾಗಿ ಮೇಯುತ್ತವೆ. ದೂರದಿಂದ ನೋಡುವವನಿಗೆ ಭೇದ ತಿಳಿಯದು. ಕುರುಬನಿಗೆ ಒಂದೊಂದರ ಗುರುತೂ ಉಂಟು. ಹಾಗೆಯೇ ಊರಲ್ಲಿಯೂ ಸಭೆಯಲ್ಲಿಯೂ ಈಗ ಎಲ್ಲರೂ ಕೂಡಿಯೇ ಇದ್ದಾರೆ. ವಿಂಗಡಿಸುವ ಕೆಲಸವು ಕುರುಬನದು, ಕುರಿಗಳದಲ್ಲ. ಅದು ಸಾಯಂಕಾಲದ ಕೆಲಸ, ಹಗಲಿನದಲ್ಲ.

ಈ ವೇದಭಾಗದಲ್ಲಿ ಮೂರು ಸಂಗತಿಗಳನ್ನು ಗುರುತು ಮಾಡಿಕೊಳ್ಳಿರಿ.

ಮೊದಲನೆಯದು: ಅರಸನು ಕೇಳುವ ಲೆಕ್ಕ ಯಾವದು? ಹಸಿದವನಿಗೆ ಅನ್ನ, ಬಾಯಾರಿದವನಿಗೆ ನೀರು, ಪರದೇಶಿಗೆ ಇಳುಕೊಳ್ಳಲು ಸ್ಥಳ, ಬಟ್ಟೆಯಿಲ್ಲದವನಿಗೆ ಬಟ್ಟೆ, ರೋಗಿಯ ಆರೈಕೆ, ಸೆರೆಯಲ್ಲಿರುವವನ ಭೇಟಿ, ಹೀಗೆ ಆರು ಸಂಗತಿಗಳ ಲೆಕ್ಕವನ್ನು ಕೇಳುತ್ತಾನೆ. ಇವುಗಳಲ್ಲಿ ಐಶ್ವರ್ಯವಂತನು ಮಾತ್ರ ಮಾಡಬಹುದಾದದ್ದು ಒಂದಾದರೂ ಇದೆಯೋ? ರೋಗಿಯನ್ನು ಯಾಕೆ ಗುಣಪಡಿಸಲಿಲ್ಲವೆಂದು ಆತನು ಕೇಳುವದಿಲ್ಲ. ಯಾಕೆ ಹೋಗಿ ನೋಡಲಿಲ್ಲವೆಂದು ಕೇಳುತ್ತಾನೆ. ಸೆರೆಯ ಬಾಗಿಲನ್ನು ಯಾಕೆ ಮುರಿಯಲಿಲ್ಲವೆಂದು ಕೇಳುವದಿಲ್ಲ; ಯಾಕೆ ಅದರ ಬಳಿಗೆ ಬರಲಿಲ್ಲವೆಂದು ಕೇಳುತ್ತಾನೆ. ಎರಡು ಎಕರೆ ಹೊಲದವನಿಗೂ ಕೂಲಿ ಮಾಡುವ ಹೆಂಗಸಿಗೂ ಈ ಆರರಲ್ಲಿ ಒಂದೂ ಅಸಾಧ್ಯವಲ್ಲ.

ಎರಡನೆಯದು: ಎರಡೂ ಕಡೆಯವರು ಆಶ್ಚರ್ಯಪಡುತ್ತಾರೆ. ಬಲಗಡೆಯವರೂ ಎಡಗಡೆಯವರೂ ತಾವು ಕರ್ತನನ್ನು ಅಂಥ ಸ್ಥಿತಿಯಲ್ಲಿ ಯಾವಾಗಲೂ ಕಾಣಲಿಲ್ಲವೆಂದೇ ಹೇಳುತ್ತಾರೆ. ಹೀಗಿರಲಾಗಿ ಬಲಗಡೆಯವರಿಗೆ ಕಣ್ಣು ಚುರುಕಾಗಿತ್ತು, ಎಡಗಡೆಯವರಿಗೆ ಮಂದವಾಗಿತ್ತು ಎಂದು ಹೇಳಕೂಡದು. ಒಬ್ಬರಿಗೂ ಗುರುತು ಸಿಕ್ಕಲಿಲ್ಲ. ಒಬ್ಬರು ಗುರುತು ಸಿಕ್ಕದಿದ್ದರೂ ಕೊಟ್ಟರು. ಮತ್ತೊಬ್ಬರು ಗುರುತು ಸಿಕ್ಕಲಿಲ್ಲವೆಂದು ಕೊಡಲಿಲ್ಲ. ಅರಸನೆಂದು ತಿಳಿದಿದ್ದರೆ ಎಡಗಡೆಯವರೂ ಹಸಿದವನಿಗೆ ಎಡೆ ಬಡಿಸುತ್ತಿದ್ದರು.

ಮೂರನೆಯದು: ಹಸಿದವನ ನಡತೆ ಹೇಗಿತ್ತೆಂಬದನ್ನು ಆ ದಿನ ಯಾರೂ ವಿಚಾರಿಸುವದಿಲ್ಲ. ಸೆರೆಯಲ್ಲಿದ್ದವನು ನಿರಪರಾಧಿಯಾಗಿದ್ದನೋ ಕಳ್ಳನಾಗಿದ್ದನೋ ಎಂಬ ಮಾತೇ ಬರುವದಿಲ್ಲ. ವಿಚಾರಣೆ ನಡೆಯುವದು ಬಾಗಿಲಿಗೆ ಬಂದವನ ಮೇಲಲ್ಲ, ಬಾಗಿಲೊಳಗಿದ್ದವನ ಮೇಲೆ. ಇನ್ನೂ ಭಯಪಡತಕ್ಕ ಮಾತೇನಂದರೆ, ಬಾಗಿಲಿಗೆ ಬಂದವನೇ ಆ ದಿನ ನ್ಯಾಯಾಸನದ ಮೇಲಿದ್ದಾನೆ.

೨. ಕಷ್ಟವೇ ತೀರ್ಪಲ್ಲ

ಕಷ್ಟಪಡುವವನನ್ನು ನೋಡಿ, ದೇವರ ತೀರ್ಪು ಇವನ ಮೇಲೆ ಬಿತ್ತು ಎಂದು ಹೇಳುವದು ಹೊಸ ರೋಗವಲ್ಲ. ಯೋಬನ ಸ್ನೇಹಿತರು ಏಳು ದಿವಸ ಅವನ ಸಂಗಡ ನೆಲದ ಮೇಲೆ ಸುಮ್ಮನೆ ಕೂತಿದ್ದಾಗ ಒಳ್ಳೇ ಸ್ನೇಹಿತರಾಗಿದ್ದರು. ಬಾಯಿ ತೆರೆದು ಅವನ ಪಾಪವನ್ನು ಹುಡುಕಲು ತೊಡಗಿದ ಮೇಲೆ ಅವನಿಗೆ ಹುಣ್ಣುಗಳಿಗಿಂತಲೂ ಹೆಚ್ಚಿನ ಬಾಧೆಯಾದರು. ಕಡೆಯಲ್ಲಿ ದೇವರು ಗದರಿಸಿದ್ದು ಆ ಸ್ನೇಹಿತರನ್ನೇ. ಅವರಿಗೋಸ್ಕರ ಪ್ರಾರ್ಥಿಸುವ ಕೆಲಸವನ್ನು ಯೋಬನಿಗೇ ಒಪ್ಪಿಸಿದನು.

ಹುಟ್ಟುಕುರುಡನನ್ನು ಕಂಡಾಗ ಶಿಷ್ಯರು ಕೇಳಿದ್ದು ಅವನಿಗೆ ಸಹಾಯ ಮಾಡುವ ದಾರಿಯನ್ನಲ್ಲ. ಪಾಪ ಮಾಡಿದವನು ಇವನೋ ಇವನ ತಂದೆತಾಯಿಗಳೋ ಎಂದು ಕೇಳಿದರು. ಕರ್ತನು ಎರಡನ್ನೂ ಅಲ್ಲಗಳೆದು, ಮಣ್ಣನ್ನು ಕಲಸಿ, ಕೆಲಸಕ್ಕೆ ಕೈಹಾಕಿದನು. ಸಿಲೋವದಲ್ಲಿ ಗೋಪುರ ಬಿದ್ದು ಹದಿನೆಂಟು ಮಂದಿ ಸತ್ತಾಗಲೂ, ಸತ್ತವರು ಉಳಿದವರಿಗಿಂತ ಕೆಟ್ಟವರಲ್ಲವೆಂದು ಹೇಳಿ, ಕೇಳುತ್ತಿದ್ದವರೇ ಮನಸ್ಸು ತಿರುಗಿಸಿಕೊಳ್ಳಬೇಕೆಂದು ಎಚ್ಚರಿಸಿದನು. ಬೇರೊಬ್ಬನ ಕಷ್ಟವನ್ನು ಕಂಡಾಗ ನಾವು ಪರೀಕ್ಷಿಸತಕ್ಕದ್ದು ನಮ್ಮ ಹೃದಯವನ್ನೇ ಎಂಬದು ಇದರ ತಾತ್ಪರ್ಯ.

ಹಾಗಾದರೆ ತೀರ್ಪೇ ಇಲ್ಲವೋ? ಉಂಟು, ನಿಶ್ಚಯವಾಗಿ ಉಂಟು. ತೀರ್ಪಿಲ್ಲದಿದ್ದರೆ ಬಡವನ ಕೂಲಿಯನ್ನು ಹಿಡಿದಿಟ್ಟವನೂ ಕೊಟ್ಟವನೂ ಒಂದೇ ಆಗುವರು. ಅನ್ಯಾಯಕ್ಕೆ ಸಿಕ್ಕಿದವನಿಗೆ ತೀರ್ಪೆಂಬದು ಬೆದರಿಕೆಯ ಮಾತಲ್ಲ, ಸಮಾಧಾನದ ಮಾತು. ಆದರೆ ಅದರ ದಿನವನ್ನೂ ಆಸನವನ್ನೂ ದೇವರು ತನ್ನ ಕೈಯಲ್ಲಿ ಇಟ್ಟುಕೊಂಡಿದ್ದಾನೆ. ಇಂದಿನ ದಿನದಲ್ಲಿ ನಮ್ಮ ಕೈಗೆ ಕೊಟ್ಟದ್ದು ಕನಿಕರವೇ.

೩. ಧಾತು ಈಶ್ವರ ಬರ

ಈ ಪಾಠವು ನಮ್ಮ ನೆಲದ ಮೇಲೆಯೇ ಒಮ್ಮೆ ದೊಡ್ಡ ಅಕ್ಷರಗಳಲ್ಲಿ ಬರೆಯಲ್ಪಟ್ಟಿತು. ೧೮೭೬ನೆಯ ಇಸವಿಯಲ್ಲಿ ಮಳೆ ಹೋಯಿತು. ಧಾತು ಈಶ್ವರ ಬರವೆಂದು ಕನ್ನಡ ಜನರು ನೆನಸುವದು ಇದನ್ನೇ. ೧೮೭೮ರ ವರೆಗೂ ಇದರ ಬಾಧೆ ತೀರಲಿಲ್ಲ. ಶಿಶುನಾಳದ ಶರೀಫರು (೧೮೧೯–೧೮೮೯) ಇದೇ ಸೀಮೆಯಲ್ಲಿ ಜೀವಿಸಿದ್ದ ಕಾಲವದು. ಆಗ ಹಾವೇರಿ ಜಿಲ್ಲೆ ಇರಲಿಲ್ಲ; ಶಿಗ್ಗಾಂವಿಯ ಸುತ್ತಲಿನ ಹಳ್ಳಿಗಳು ಧಾರವಾಡ ಜಿಲ್ಲೆಯ ಬಂಕಾಪುರ ತಾಲ್ಲೂಕಿನಲ್ಲಿದ್ದವು; ಸವಣೂರು ನವಾಬನ ಸಂಸ್ಥಾನವಾಗಿತ್ತು. ಧಾರವಾಡ ಸೀಮೆಗೆ ರೈಲು ಇನ್ನೂ ಬಂದಿರಲಿಲ್ಲ. ಕಾಳು ಬರಬೇಕಾದರೆ ಎತ್ತಿನ ಬಂಡಿಯ ಮೇಲೆಯೇ ಬರಬೇಕು, ಎತ್ತುಗಳೋ ಮೇವಿಲ್ಲದೆ ಸಾಯುತ್ತಿದ್ದವು.

ಸತ್ತವರ ಲೆಕ್ಕವನ್ನು ಕೇಳಿರಿ. ದಕ್ಷಿಣ ಹಿಂದುಸ್ಥಾನದಲ್ಲಿ ಐವತ್ತು ಲಕ್ಷಕ್ಕಿಂತ ಹೆಚ್ಚು ಜನರು ಹಸಿವಿನಿಂದಲೂ ಅದರ ಹಿಂದೆ ಬಂದ ರೋಗಗಳಿಂದಲೂ ಅಳಿದರು. ಮೈಸೂರು ಸಂಸ್ಥಾನದಲ್ಲಿ ೧೮೭೧ರಲ್ಲಿ ಐವತ್ತು ಲಕ್ಷಕ್ಕಿಂತ ಹೆಚ್ಚಾಗಿದ್ದ ಜನಸಂಖ್ಯೆಯು ೧೮೮೧ರ ಗಣತಿಯಲ್ಲಿ ಸುಮಾರು ನಾಲ್ವತ್ತೆರಡು ಲಕ್ಷಕ್ಕೆ ಇಳಿದಿತ್ತು. ನಮ್ಮ ಧಾರವಾಡ ಜಿಲ್ಲೆಯಲ್ಲಿಯೂ ೧೮೭೨ರ ಗಣತಿಗಿಂತ ೧೮೮೧ರಲ್ಲಿ ಸುಮಾರು ಒಂದು ಲಕ್ಷ ಜನರು ಕಡಿಮೆಯಾಗಿದ್ದರು.

ಆ ಕಾಲದಲ್ಲಿ ಅಧಿಕಾರದಲ್ಲಿದ್ದ ಒಬ್ಬನ ಕಥೆಯು ನಮ್ಮ ಪಾಠಕ್ಕೆ ಬಹಳ ಹತ್ತಿರದ್ದಾಗಿದೆ. ಸರ್ ರಿಚರ್ಡ್ ಟೆಂಪಲ್ ಎಂಬವನು ೧೮೭೪ರಲ್ಲಿ ಬಿಹಾರ ಪ್ರಾಂತದಲ್ಲಿ ಬರ ಬಿದ್ದಾಗ ಬ್ರಹ್ಮದೇಶದಿಂದ ಹೇರಳವಾಗಿ ಅಕ್ಕಿಯನ್ನು ತರಿಸಿ ಹಂಚಿಸಿದನು. ಅಲ್ಲಿ ಹಸಿವಿನಿಂದ ಸತ್ತವರು ಬಹು ಸ್ವಲ್ಪ. ಇದಕ್ಕೆ ಅವನಿಗೆ ಸಿಕ್ಕಿದ ಬಹುಮಾನವೇನು? ಸರಕಾರದ ಹಣವನ್ನು ಹಾಳುಮಾಡಿದನೆಂಬ ನಿಂದೆ. ಮೂರು ವರ್ಷಗಳಾದ ಮೇಲೆ, ೧೮೭೭ರ ಜನವರಿಯಲ್ಲಿ, ಅವನನ್ನು ಮದ್ರಾಸ್, ಮುಂಬಯಿ ಇಲಾಖೆಗಳ ಬರವನ್ನು ನೋಡಲಿಕ್ಕೆ ಕಳುಹಿಸಿದಾಗ ಅವನು ಬೇರೆ ಮನುಷ್ಯನಾಗಿ ಬಂದನು. ಪರಿಹಾರದ ಕೆಲಸದಲ್ಲಿ ದಿನವೆಲ್ಲಾ ಮಣ್ಣು ಹೊರುವ, ಕಲ್ಲೊಡೆಯುವ ಗಂಡಾಳಿಗೆ ಒಂದು ಪೌಂಡು ಕಾಳು, ಅಂದರೆ ಸುಮಾರು ೪೫೦ ಗ್ರಾಂ, ಅದರ ಮೇಲೆ ಒಂದು ಆಣೆ ಸಾಕೆಂದು ಗೊತ್ತುಮಾಡಿದನು. ಹೆಂಗಸರಿಗೂ ಕೆಲಸ ಮಾಡುವ ಮಕ್ಕಳಿಗೂ ಅದಕ್ಕಿಂತ ಕಡಿಮೆ. ಮದ್ರಾಸ್ ಇಲಾಖೆಯ ಆರೋಗ್ಯಾಧಿಕಾರಿಯಾದ ವೈದ್ಯ ಕಾರ್ನಿಶ್ ಎಂಬವನು, ಇಷ್ಟರಿಂದ ದುಡಿಯುವ ದೇಹವು ಉಳಿಯಲಾರದೆಂದು ಬಹಳವಾಗಿ ವಾದಿಸಿದನು. ಮುಂಬಯಿ ಇಲಾಖೆಯಲ್ಲಿ ಸಾವಿರಾರು ಜನರು ಈ ಕೂಲಿಯನ್ನು ಒಲ್ಲೆವೆಂದು ಕೆಲಸವನ್ನೇ ಬಿಟ್ಟು ಹೋದರು. ಪರಿಹಾರ ಬೇಕಾದವನು ತನ್ನೂರಿಂದ ಮೈಲುಗಟ್ಟಲೆ ದೂರದ ಕೆಲಸಕ್ಕೆ ನಡೆದು ಹೋಗಬೇಕೆಂಬ ಕಟ್ಟಳೆಯೂ ಇತ್ತು. ನಿಜವಾಗಿ ಹಸಿದವನಾದರೆ ನಡೆದಾನು, ಸೋಮಾರಿಯಾದರೆ ಮನೆಯಲ್ಲಿ ಉಳಿದಾನು ಎಂಬದು ಆ ಪರೀಕ್ಷೆಯ ಅರ್ಥ. ಆದರೆ ಹಸಿವು ಹೆಚ್ಚಾದಷ್ಟೂ ನಡೆಯುವ ಶಕ್ತಿ ಕಡಿಮೆಯಾಗುವದೆಂಬದು ಯಾವ ಒಕ್ಕಲಿಗನಿಗೆ ತಿಳಿಯದು? ಹೆಚ್ಚು ಹಸಿದವನೇ ಆ ಪರೀಕ್ಷೆಯಲ್ಲಿ ತಪ್ಪಿಬಿದ್ದನು.

ಟೆಂಪಲ್ ಕ್ರೂರನಾಗಿ ಹುಟ್ಟಿದವನಲ್ಲ. ಉಣ್ಣಿಸಲು ಬಲ್ಲೆನೆಂದು ೧೮೭೪ರಲ್ಲಿ ತೋರಿಸಿದ್ದನು. ಅವನ ಅಳತೆಯನ್ನು ಕಿರಿದು ಮಾಡಿದ್ದು ಮೇಲಿನವರ ನಿಂದೆಯ ಭಯವೆಂದು ಚರಿತ್ರೆಯನ್ನು ಬರೆದವರು ಹೇಳುತ್ತಾರೆ. ಮನುಷ್ಯರ ತೀರ್ಪಿಗೆ ಹೆದರಿದವನು ಹಸಿದವರನ್ನು ಪರೀಕ್ಷೆಗೆ ನಿಲ್ಲಿಸಿದನು. ವಾಚಕರೇ, ನಾವು ಅವನ ಮೇಲೆ ಕಲ್ಲೆಸೆಯುವ ಮೊದಲು ನಮ್ಮನ್ನು ಕೇಳಿಕೊಳ್ಳೋಣ: ಊರವರು ಏನೆಂದಾರು, ಹಿರಿಯರು ಏನೆಂದಾರು ಎಂದು ನಾವು ಎಷ್ಟು ಸಾರಿ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಿದ್ದೇವೆ! ಈ ಬರದ ತರುವಾಯ ಕೂಡಿದ ಆಯೋಗವು ೧೮೮೦ರಲ್ಲಿ, ಬರದಲ್ಲಿ ಜನರಿಗೆ ನೆರವಾಗುವದು ಸರಕಾರದ ಕರ್ತವ್ಯವೆಂದು ಬರೆದು, ಅದಕ್ಕೆ ಕಟ್ಟಳೆಗಳನ್ನು ಸೂಚಿಸಿತು. ಸತ್ತವರಿಗಾದರೋ ಅದು ತಡವಾಗಿ ಬಂತು.

೪. ನಮ್ಮ ಹಿರಿಯರು ಯಾವ ಕಡೆಯಲ್ಲಿದ್ದರು?

ಬಾಸೆಲ್ ಮಿಷನಿನವರು ಧಾರವಾಡಕ್ಕೆ ೧೮೩೭ರಲ್ಲಿಯೂ ಹುಬ್ಬಳ್ಳಿಗೆ ೧೮೩೯ರಲ್ಲಿಯೂ ಬೆಟಗೇರಿಗೆ ೧೮೪೧ರಲ್ಲಿಯೂ ಬಂದಿದ್ದರು. ಬರದ ವರ್ಷಗಳಲ್ಲಿ ಕನ್ನಡ ನಾಡಿನ ಮಿಷನುಗಳು ತಂದೆತಾಯಿಗಳನ್ನು ಕಳಕೊಂಡ ಮಕ್ಕಳನ್ನು ಸೇರಿಸಿಕೊಂಡು, ಅನಾಥಶಾಲೆಗಳಲ್ಲಿ ಸಾಕಿ, ಅಕ್ಷರವನ್ನೂ ಕೈಕೆಲಸವನ್ನೂ ಕಲಿಸಿದವು. ನಮ್ಮ ಸಭೆಗಳಲ್ಲಿ ತಮ್ಮ ಮನೆತನದ ಬೇರನ್ನು ಹುಡುಕುತ್ತಾ ಹೋಗುವ ಕೆಲವರಿಗೆ ಕಡೆಯಲ್ಲಿ ಸಿಕ್ಕುವದು ಹೆಸರಾದ ಮನೆಯಲ್ಲ, ದಾರಿಯಲ್ಲಿ ಸಿಕ್ಕಿದ ಒಂದು ಕೂಸು.

"ಹೊಟ್ಟೆಗಾಗಿ ಮತ ಬಿಟ್ಟವರು" ಎಂಬ ನಿಂದೆಯನ್ನು ನಮ್ಮ ಹಿರಿಯರು ಕೇಳಿದರು. ನಾವೂ ಕೆಲವು ಸಾರಿ ಕೇಳುತ್ತೇವೆ. ಇದಕ್ಕೆ ನಾಚಿಕೊಳ್ಳಬೇಕೋ? ಅನ್ನವನ್ನು ಗಾಳವಾಗಿ ಮಾಡಿ ಆತ್ಮಗಳನ್ನು ಹಿಡಿಯುವದು ಕರ್ತನ ಮಾರ್ಗವಲ್ಲ. ಎಲ್ಲಿಯಾದರೂ ಹಾಗೆ ನಡೆದಿದ್ದರೆ ಅದು ತಪ್ಪೇ ಸರಿ. ಆದರೆ ಹಸಿದಿದ್ದದ್ದು ಪಾಪವಲ್ಲ. ತೀರ್ಪಿನ ಆ ವೇದಭಾಗದಲ್ಲಿ ನಮ್ಮ ಹಿರಿಯರು ಇದ್ದದ್ದು ಬಲಗಡೆಯಲ್ಲಿಯೂ ಅಲ್ಲ, ಎಡಗಡೆಯಲ್ಲಿಯೂ ಅಲ್ಲ. ಅರಸನು ಅತ್ಯಲ್ಪರಾದ ತನ್ನ ಸಹೋದರರೆಂದು ಕೈತೋರಿಸುವವರ ಗುಂಪಿನಲ್ಲಿದ್ದರು. ಅವರ ಯೋಗ್ಯತೆಯನ್ನು ವಿಚಾರಿಸಿ ಆ ಮೇಲೆ ಗಂಜಿ ಹೊಯ್ದಿದ್ದರೆ ಇಂದು ಈ ಪತ್ರಿಕೆಯನ್ನು ಓದುವದಕ್ಕೆ ನಮ್ಮಲ್ಲಿ ಎಷ್ಟು ಮಂದಿ ಇರುತ್ತಿದ್ದರು? ಗಂಜಿಯಿಂದ ಬದುಕಿದವರ ಮೊಮ್ಮಕ್ಕಳು ಗಂಜಿ ಕೇಳುವವನನ್ನು ನಿಲ್ಲಿಸಿ ಪ್ರಶ್ನೆ ಕೇಳಬಹುದೋ?

೫. ಹೆದ್ದಾರಿಯ ಬದಿಯಲ್ಲಿ

ಇಂಥ ಪ್ರಶ್ನೆಯನ್ನು ಕೇಳಿದವರಲ್ಲಿ ನಾವೂ ಒಬ್ಬರು. ಆದಕಾರಣ ನಮ್ಮ ತಪ್ಪನ್ನು ವಾಚಕರ ಮುಂದೆ ಅರಿಕೆಮಾಡಿಕೊಳ್ಳುತ್ತೇವೆ. ೨೦೨೦ನೆಯ ಇಸವಿ ಮಾರ್ಚ್ ೨೪ರ ರಾತ್ರಿ, ಕೋವಿಡ್ ವ್ಯಾಧಿಯ ನಿಮಿತ್ತ, ನಾಲ್ಕೇ ತಾಸುಗಳ ಸೂಚನೆಯ ಮೇಲೆ ದೇಶವೆಲ್ಲಾ ಮುಚ್ಚಲ್ಪಟ್ಟಿತು. ಪಟ್ಟಣಗಳಲ್ಲಿ ಕೂಲಿಗಿದ್ದವರು ಬಸ್ಸು ರೈಲುಗಳಿಲ್ಲದೆ ಕಾಲ್ನಡೆಯಾಗಿ ಊರಿಗೆ ಹೊರಟರು. ಗೊಟಗೋಡಿಯ ಬಳಿಯಲ್ಲಿ ಹಾದುಹೋಗುವ ಪುಣೆ–ಬೆಂಗಳೂರು ಹೆದ್ದಾರಿಯನ್ನು ನೀವು ಬಲ್ಲಿರಿ. ಹಳೆಯ ಹಳ್ಳಿಯ ಬದುಕನ್ನು ಪ್ರತಿಮೆಗಳಲ್ಲಿ ತೋರಿಸುವ ಶಿಲ್ಪವನವು ಅದರ ಬದಿಯಲ್ಲಿಯೇ ಇದೆ. ಬೇರೆ ದಿನಗಳಲ್ಲಿ ಜನರು ದುಡ್ಡು ಕೊಟ್ಟು ನೋಡಲು ಬರುತ್ತಾರೆ. ಆ ದಿನಗಳಲ್ಲಿಯಾದರೋ ಜೀವವುಳ್ಳ ಹಳ್ಳಿಯವರು ಗಂಟುಮೂಟೆ ಹೊತ್ತು ಆ ದಾರಿಯಲ್ಲಿ ನಡೆದರು, ನೋಡುವವರಿರಲಿಲ್ಲ. ಅನೇಕ ಹಳ್ಳಿಗಳವರು ಊರ ಬಾಯಿಗೆ ಮುಳ್ಳು ಹಚ್ಚಿದ್ದರು.

ನಾವಿದ್ದ ಊರಲ್ಲಿಯೂ ಮುಳ್ಳು ಬಿದ್ದಿತ್ತು. ಅದನ್ನು ಎಳೆದು ತಂದವರಲ್ಲಿ ನಮ್ಮ ಕೈಯೂ ಇತ್ತು. ಗುಡಿ ಮುಚ್ಚಿದ್ದರಿಂದ ಪಡಸಾಲೆಯಲ್ಲಿ ಕೂತು, ಈ ವ್ಯಾಧಿಯು ಪಟ್ಟಣದವರ ಪಾಪಕ್ಕೆ ದೇವರು ಮಾಡಿದ ತೀರ್ಪು ಎಂದು ನೆರೆಯವರಿಗೆ ಉಪದೇಶವನ್ನೂ ಮಾಡಿದೆವು. ಒಂದು ಮಧ್ಯಾಹ್ನ ಗಂಡಹೆಂಡಿರಿಬ್ಬರು, ಒಂದು ಸಣ್ಣ ಕೂಸಿನ ಸಂಗಡ, ಮುಳ್ಳಿನ ಆಚೆ ನಿಂತು ನೀರು ಕೇಳಿದರು. ಎಲ್ಲಿಂದ ಬಂದಿರಿ, ಯಾವ ಜನ, ಪರೀಕ್ಷೆ ಮಾಡಿಸಿಕೊಂಡಿರೋ ಎಂದು ನಾವು ಮೂರು ನಾಲ್ಕು ಮಂದಿ ದೂರದಿಂದಲೇ ಕೂಗಿ ಕೇಳಿದೆವು. ನಾವು ಇನ್ನೂ ಕೇಳುತ್ತಿರುವಾಗಲೇ, ನಮ್ಮ ಸಭೆಯ ಒಬ್ಬ ಮುದುಕಿಯು ಒಂದು ಕೊಡ ನೀರನ್ನೂ ಅರಿವೆಯಲ್ಲಿ ಕಟ್ಟಿದ ನಾಲ್ಕು ರೊಟ್ಟಿಗಳನ್ನೂ ತಂದು, ಮುಳ್ಳಿನ ಆಚೆ ಬೇವಿನ ಮರದ ಕೆಳಗೆ ಇಟ್ಟು, ಹತ್ತು ಹೆಜ್ಜೆ ಹಿಂದೆ ಸರಿದು ನಿಂತಳು. ಅವರು ಕುಡಿದರು, ಉಂಡರು, ಕೂಸಿನ ಮುಖ ತೊಳೆದರು, ಹೋದರು.

ಅವರು ಯಾರೆಂದು ಕೇಳಿದೆಯೋ ಎಂದು ನಾವು ಅವಳನ್ನು ವಿಚಾರಿಸಿದೆವು. ಅವಳು, "ನೀರು ಕೇಳಿದ್ರು, ಕೊಟ್ಟೇನ್ರಿ. ಯಾರು ಏನು ಅಂತ ಕೇಳಾಕ ನಾ ಏನು ಫೌಜದಾರ ಏನ್ರಿ?" ಎಂದಳು. ಓದು ಬಾರದ ಆ ಹೆಂಗಸಿಗೆ ತಾನು ಮತ್ತಾಯನ ಇಪ್ಪತ್ತೈದನೆಯ ಅಧ್ಯಾಯಕ್ಕೆ ವ್ಯಾಖ್ಯಾನ ಮಾಡಿದೆನೆಂಬದು ಈಗಲೂ ತಿಳಿಯದು. ಸೆಮಿನರಿಯಲ್ಲಿ ಆ ಅಧ್ಯಾಯದ ಮೇಲೆ ಪರೀಕ್ಷೆ ಬರೆದ ನಾವು ಮುಳ್ಳಿನ ಈಚೆ ನಿಂತಿದ್ದೆವು. ಆ ರಾತ್ರಿ ಆ ವೇದಭಾಗವನ್ನು ತೆರೆದಾಗ ಪ್ರಾರ್ಥಿಸಲಿಕ್ಕೆ ನಮಗೆ ಬಾಯಿ ಬರಲಿಲ್ಲ.

ಇದರಲ್ಲಿ ಒಂದು ಮಾತನ್ನು ನ್ಯಾಯವಾಗಿ ಹೇಳಬೇಕು. ವ್ಯಾಧಿಗೆ ಅಂಜಿ ಎಚ್ಚರವಾಗಿದ್ದದ್ದು ಪಾಪವಲ್ಲ. ಆ ಮುದುಕಿಯೂ ಹತ್ತು ಹೆಜ್ಜೆ ಹಿಂದೆ ಸರಿದೇ ನಿಂತಿದ್ದಳು. ಎಚ್ಚರಿಕೆಯೂ ಕನಿಕರವೂ ಕೂಡಿ ಇರಬಹುದೆಂದು ಅವಳು ತೋರಿಸಿದಳು. ನಮ್ಮ ಪಾಪವು ದೂರ ನಿಂತದ್ದರಲ್ಲಿ ಇರಲಿಲ್ಲ. ಬಾಯಾರಿದವರನ್ನು ಕಟಕಟೆಯಲ್ಲಿ ನಿಲ್ಲಿಸಿ ನ್ಯಾಯಾಸನವನ್ನು ಏರಿದ್ದರಲ್ಲಿ ಇತ್ತು.

೬. ಎರಡು ಆಕ್ಷೇಪಗಳು

ಈ ಪಾಠವನ್ನು ಕಲಿಸುವಾಗ ಸಭೆಯಲ್ಲಿ ಎರಡು ಆಕ್ಷೇಪಗಳು ತಪ್ಪದೆ ಬರುತ್ತವೆ.

ಮೊದಲನೆಯ ಆಕ್ಷೇಪ: ದುಡಿಯಲೊಲ್ಲದವನು ಉಣ್ಣಲೂ ಬಾರದೆಂದು ಪೌಲನು ಥೆಸಲೋನಿಕದವರಿಗೆ ಬರೆಯಲಿಲ್ಲವೋ? ಬರೆದಿದ್ದಾನೆ. ಆದರೆ ಅವನು ಹೇಳಿದ್ದು ದುಡಿಯಲೊಲ್ಲದವನನ್ನು ಕುರಿತು. ದುಡಿಯಲಾರದವನನ್ನೂ ದುಡಿಮೆ ಸಿಕ್ಕದವನನ್ನೂ ಕುರಿತಲ್ಲ. ಕೂಡಿ ಬಾಳುವ ಸಹೋದರರಲ್ಲಿ ಕೆಲಸ ಬಿಟ್ಟು ಮನೆಮನೆಗೆ ತಿರುಗುತ್ತಿದ್ದವರಿಗೆ ಅದು ಗದರಿಕೆಯಾಗಿತ್ತು. ಮೂರೇ ವಚನಗಳಾದ ಮೇಲೆ, ಒಳ್ಳೇದನ್ನು ಮಾಡುವದರಲ್ಲಿ ಬೇಸರಪಡಬಾರದೆಂದು ಅದೇ ಸಭೆಗೆ ಬರೆದಿದ್ದಾನೆ. ಒಂದು ವಚನವನ್ನು ಬಾಯಿಪಾಠ ಮಾಡಿ ಇನ್ನೊಂದನ್ನು ಮರೆಯುವದು ನ್ಯಾಯವೋ? ಕುಡುಕನ ಕೈಗೆ ರೊಕ್ಕವನ್ನು ಕೊಡದಿರುವದು ಬುದ್ಧಿವಂತಿಕೆಯೇ. ಆದರೆ ಅವನ ಹೆಂಡತಿಯೂ ಮಕ್ಕಳೂ ಕುಡಿಯಲಿಲ್ಲ. ಅವನೂ ಜ್ವರ ಬಂದು ಬಿದ್ದರೆ ರೋಗಿಯೇ ಹೊರತು ಬೇರೆಯಲ್ಲ.

ಎರಡನೆಯ ಆಕ್ಷೇಪ: ನಾವು ನಂಬಿಕೆಯಿಂದ ರಕ್ಷಣೆ ಹೊಂದುವವರು, ಕ್ರಿಯೆಗಳ ಲೆಕ್ಕ ನಮಗೇತಕ್ಕೆ? ಈ ಪ್ರಶ್ನೆಯನ್ನು ಸುಲಭವಾಗಿ ತಳ್ಳಿಬಿಡಕೂಡದು. ಯಾಕಂದರೆ ಕೃಪೆಯಿಂದಲೇ ರಕ್ಷಣೆಯೆಂಬ ಉಪದೇಶವು ನಮ್ಮ ಸಭೆಗಳ ಅಡಿಗಲ್ಲು. ಆದರೆ ಕರ್ತನ ಮಾತನ್ನು ನಿಧಾನವಾಗಿ ಓದಿರಿ. ಬಲಗಡೆಯವರಿಗೆ ಸಿಕ್ಕುವ ರಾಜ್ಯವನ್ನು ಆತನು ಕೂಲಿಯೆಂದು ಕರೆಯುವದಿಲ್ಲ. ಲೋಕ ಹುಟ್ಟಿದಂದಿನಿಂದ ಅವರಿಗೋಸ್ಕರ ಸಿದ್ಧಮಾಡಿದ ಸ್ವಾಸ್ತ್ಯವೆನ್ನುತ್ತಾನೆ. ಕೂಲಿಯು ಆಳಿಗೆ ಸಲ್ಲುವದು; ಸ್ವಾಸ್ತ್ಯವು ಮಗನಿಗೆ ಸಲ್ಲುವದು. ಮಗನು ಹ್ಯಾಗೆ ಗುರುತಿಸಲ್ಪಡುವನು? ತಂದೆಯ ಮುಖದ ಹೋಲಿಕೆಯಿಂದ. ಕನಿಕರವೇ ನಮ್ಮ ತಂದೆಯ ಮುಖದ ಹೋಲಿಕೆ. ಬಲಗಡೆಯವರು ಲೆಕ್ಕದ ಪುಸ್ತಕವನ್ನು ಹಿಡಿದು ಬರಲಿಲ್ಲವೆಂಬದಕ್ಕೆ ಅವರ ಆಶ್ಚರ್ಯವೇ ಸಾಕ್ಷಿ. ಇನ್ನೊಂದನ್ನು ನೋಡಿರಿ: ನಿತ್ಯವಾದ ಬೆಂಕಿಯು ಸೈತಾನನಿಗೂ ಅವನ ದೂತರಿಗೂ ಸಿದ್ಧವಾದದ್ದೆಂದು ಬರೆದದೆ, ಮನುಷ್ಯರಿಗೋಸ್ಕರ ಸಿದ್ಧಮಾಡಿದ್ದೆಂದು ಬರೆದಿಲ್ಲ. ಮನುಷ್ಯನಿಗಾಗಿ ದೇವರು ಸಿದ್ಧಮಾಡಿದ್ದು ರಾಜ್ಯವನ್ನೇ. ತೀರ್ಪಿನ ಪಾಠದೊಳಗೂ ಸುವಾರ್ತೆ ಇದೆ.

ಅತ್ಯಲ್ಪರಾದ ಸಹೋದರರೆಂದರೆ ಕ್ರಿಸ್ತನ ಶಿಷ್ಯರು ಮಾತ್ರವೆಂದು ಕೆಲವು ಪಂಡಿತರೂ, ಕಷ್ಟದಲ್ಲಿರುವ ಎಲ್ಲರೂ ಎಂದು ಬೇರೆ ಕೆಲವರೂ ಅರ್ಥ ಹೇಳುತ್ತಾರೆ. ಈ ವಾದವು ಊಟವನ್ನು ತಡಮಾಡದಿರಲಿ. ನೆರೆಯವನಾರೆಂದು ಕೇಳಿದ ಪಂಡಿತನಿಗೆ ಕರ್ತನು ಸಮಾರ್ಯದವನ ಕಥೆಯನ್ನು ಹೇಳಿ, ನೆರೆಯವರ ಪಟ್ಟಿಯನ್ನು ಕೊಡದೆ ನೆರೆಯವನಾಗುವ ದಾರಿಯನ್ನು ತೋರಿಸಿದನು. ಆ ಕಥೆಯಲ್ಲಿ ಕನಿಕರ ತೋರಿಸಿದವನು ಬೇರೆ ಜನದವನೆಂಬದನ್ನೂ ಮರೆಯಬೇಡಿರಿ. ನಮ್ಮ ಸೀಮೆಯ ಮಠಗಳಲ್ಲಿ ದಾಸೋಹವೆಂದು ಬಂದವರಿಗೆಲ್ಲಾ ಬಡಿಸುವದನ್ನು ನಾವು ಬಲ್ಲೆವು. ಆ ದಿನ ಬಲಗಡೆಯಲ್ಲಿ ಯಾರು ಯಾರನ್ನು ಕಂಡು ಆಶ್ಚರ್ಯಪಡುವೆವೋ ದೇವರೇ ಬಲ್ಲನು.

೭. ಸಭೆಯಲ್ಲಿ ಮಾಡತಕ್ಕದ್ದು

ಇಂದು ೧೮೭೭ರಂಥ ಹಸಿವು ನಮ್ಮ ಊರುಗಳಲ್ಲಿ ಇಲ್ಲ. ಪಡಿತರದ ಅಕ್ಕಿ ಬರುತ್ತದೆ, ಇದಕ್ಕಾಗಿ ದೇವರಿಗೆ ಸ್ತೋತ್ರ. ಆದರೂ ೨೦೨೩ರಲ್ಲಿ ಕರ್ನಾಟಕದ ಇನ್ನೂರಕ್ಕಿಂತ ಹೆಚ್ಚು ತಾಲ್ಲೂಕುಗಳು ಬರಪೀಡಿತವೆಂದು ಸಾರಲ್ಪಟ್ಟವು. ಸಾಲಕ್ಕೆ ಸಿಕ್ಕಿದ ಒಕ್ಕಲಿಗನೂ, ಮಕ್ಕಳು ಬೆಂಗಳೂರಿಗೆ ಹೋಗಿ ಒಬ್ಬಳೇ ಉಳಿದ ಮುದುಕಿಯೂ, ಸೆರೆಯಲ್ಲಿರುವ ಮಗನ ಹೆಸರನ್ನು ಬಾಯಿಗೆ ತರಲಾರದ ತಂದೆಯೂ ನಮ್ಮ ನಡುವೆ ಇದ್ದಾರೆ. ಆದಕಾರಣ ಸಭೆಗಳವರು ಈ ನಾಲ್ಕು ಸಂಗತಿಗಳನ್ನು ಆಲೋಚಿಸಿ ನಡಕೊಳ್ಳಲಿ.

ಒಂದು: ಮೊದಲು ಊಟ, ಆ ಮೇಲೆ ವಿಚಾರ. ಮನೆಮನೆಯಲ್ಲಿ ಅಡಿಗೆಯ ಕಾಳಿನಿಂದ ಒಂದು ಹಿಡಿಯನ್ನು ದೇವರಿಗೆಂದು ತೆಗೆದಿಡುವ ಪದ್ಧತಿ ನಮ್ಮ ಹೆಂಗಸರಲ್ಲಿ ಉಂಟು. ಆ ಹಿಡಿ ಕಾಳು ಗುಡಿಯ ಖರ್ಚಿಗೆ ಮಾತ್ರ ಮುಗಿಯದೆ, ಅದರಲ್ಲಿ ಒಂದು ಪಾಲು ಹಸಿದವರ ಹೆಸರಿನಲ್ಲಿ ಬೇರೆ ಇರಲಿ.

ಎರಡು: ಸಹಾಯಕ್ಕೆ ಕ್ರಯ ಕಟ್ಟಬೇಡಿರಿ. ಗುಡಿಗೆ ಬಂದರೆ ಕೊಡುತ್ತೇವೆ, ತಪ್ಪು ಒಪ್ಪಿಕೊಂಡರೆ ಕೊಡುತ್ತೇವೆ ಎಂಬದು ದಾನವಲ್ಲ, ವ್ಯಾಪಾರ.

ಮೂರು: ಕೊಟ್ಟದ್ದನ್ನು ಹೇಳಿಕೊಳ್ಳಬೇಡಿರಿ. ಪಡಕೊಂಡವನ ಮುಖವನ್ನು ಫೋಟೋ ತೆಗೆದು ಊರಿಗೆ ತೋರಿಸುವದು ಅವನ ಹಸಿವನ್ನು ತೀರಿಸಿ ಮಾನವನ್ನು ಕಸಕೊಂಡ ಹಾಗೆ.

ನಾಲ್ಕು: ಕೊಡಲು ಏನೂ ಇಲ್ಲದವರು ಹೋಗಿ ಕೂತುಕೊಳ್ಳಲಿ. ರೋಗಿಯ ಮಂಚದ ಬದಿಯಲ್ಲಿ ಅರ್ಧ ತಾಸು ಕೂತವನ ಹೆಸರೂ ಆ ಅರಸನಿಗೆ ನೆನಪಿರುವದು.

ಪ್ರಿಯರೇ, ತೀರ್ಪಿನ ದಿನವು ದೂರದಲ್ಲಿದೆಯೆಂದು ಎಣಿಸಬೇಡಿರಿ. ನ್ಯಾಯಾಧಿಪತಿಯು ಆ ದಿನದ ವರೆಗೂ ಮೇಘಗಳ ಆಚೆ ಮಾತ್ರ ಕಾಯುವವನಲ್ಲ. ಇವೊತ್ತು ಸಾಯಂಕಾಲ ನಿಮ್ಮ ಓಣಿಯಲ್ಲಿ ನಡೆದು ಬಂದಾನು, ಬಾಯಾರಿದವನಾಗಿ. ಆತನ ಹೆಸರನ್ನು ಕೇಳುತ್ತಾ ನಿಲ್ಲಬೇಡಿರಿ, ಕೊಡವನ್ನು ತನ್ನಿರಿ.

ಭಾನುವಾರದ ಪಾಠಕ್ಕೆ ಪ್ರಶ್ನೆಗಳು

೧. ಬಲಗಡೆಯವರೂ ಎಡಗಡೆಯವರೂ ಯಾವ ಮಾತಿನಲ್ಲಿ ಒಂದೇ ಆಗಿದ್ದಾರೆ? ಯಾವದರಲ್ಲಿ ಬೇರೆಯಾಗಿದ್ದಾರೆ?
೨. ಸಿಲೋವದ ಗೋಪುರದಿಂದ ಕರ್ತನು ಯಾರಿಗೆ ಎಚ್ಚರಿಕೆ ಕೊಟ್ಟನು?
೩. ೧೮೭೪ರ ಟೆಂಪಲ್ಲನೂ ೧೮೭೭ರ ಟೆಂಪಲ್ಲನೂ ಯಾಕೆ ಬೇರೆಯಾದರು? ಅಂಥ ಭಯ ನಮ್ಮಲ್ಲಿ ಯಾವ ರೂಪದಿಂದ ಇದೆ?
೪. ಸ್ವಾಸ್ತ್ಯಕ್ಕೂ ಕೂಲಿಗೂ ಇರುವ ಭೇದವೇನು?
೫. ನಮ್ಮ ಊರಲ್ಲಿ ಈ ವಾರ ನಾವು ಯಾರ ಮನೆಗೆ ಹೋಗತಕ್ಕದ್ದು? (ಹೆಸರನ್ನು ಗಟ್ಟಿಯಾಗಿ ಹೇಳುವದು ಬೇಡ, ಹೋಗಿ ಬನ್ನಿರಿ.)

ಪ್ರಾರ್ಥನೆ: ಕರ್ತನೇ, ನಿನ್ನ ಆಸನದ ಮೇಲೆ ಕೂತುಕೊಂಡ ನಮ್ಮನ್ನು ಇಳಿಸು. ಹಸಿದವರಾಗಿದ್ದ ನಮ್ಮ ಹಿರಿಯರಿಗೆ ಗಂಜಿ ಹೊಯ್ದವನು ನೀನೇ ಎಂಬದನ್ನು ನಮಗೆ ನೆನಪು ಮಾಡು. ನಮ್ಮ ಬಾಗಿಲಿಗೆ ಬರುವ ನಿನ್ನ ಗುರುತು ನಮಗೆ ಸಿಕ್ಕದಿದ್ದರೂ, ನಮ್ಮ ಕೈ ನಿನಗೆ ಮುಚ್ಚದಿರಲಿ. ಆಮೆನ್.